ಬೂಷ್ಟು ಹಿಡಿಯದ ಕ್ಯಾಸೆಟ್

ಪೀಣ್ಯದ ಹಿಂಬದಿ, ಚೊಕ್ಕಸಂದ್ರದಲ್ಲಿ ‘ಭಾನು ವಿಡಿಯೋ’ ಎಂಬ ಅಂಗಡಿ ಇಟ್ಟಿದ್ದ ಭಾನುಪ್ರಕಾಶ ಜನ್ಮದಲ್ಲಿ ಹೇಳಿದ್ದು ಒಂದೇ ಸುಳ್ಳು. ಮದುವೆ ವಿಡಿಯೋ ತೆಗೆಯುವವರು ‘ಮುಂದಿನ ವಾರ ಗ್ಯಾರಂಟಿ ಕೊಡ್ತೀನಿ’ ಅನ್ನುತ್ತಾರಲ್ಲ, ಅವೆಲ್ಲ ಲೆಕ್ಕಕ್ಕಿಲ್ಲ ಬಿಡಿ, ಅದು ಕಸುಬಿನ ಮಾತು. ನಾನು ಹೇಳುತ್ತಿರುವುದು ನಿಜವಾದ ಸುಳ್ಳಿನ ಸಂಗತಿ. ‘ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದುಬಿಟ್ಟಿದೆ, ಓಡಲ್ಲ’ ಎಂಬ ಆ ಸುಳ್ಳನ್ನು ಅವನು ಹದಿನಾಲ್ಕು ವರ್ಷ ಹೇಳಿದ.

ಕೇಳುತ್ತಿದ್ದವರು ಸಿನಿಮಾದವರು. ಕತೆ ಸಿನಿಮಾ ಅಲ್ಲ, ಡಾಕ್ಯುಮೆಂಟರಿ. ‘ಥರ್ಡ್ ಶಿಫ್ಟ್’ ಎಂಬ ರಾಕ್ ಬ್ಯಾಂಡಿನ ಮೇಲೆ ಒಂದಲ್ಲ, ಮೂರು ಡಾಕ್ಯುಮೆಂಟರಿ ಬಂದವು. ಗಿಟಾರ್ ಹಿಡಿಯುವ ಹುಡುಗರು ಇವತ್ತಿಗೂ ಆ ಹೆಸರು ಹೇಳುವಾಗ ಕೆನ್ನೆ ಮುಟ್ಟಿಕೊಳ್ಳುತ್ತಾರೆ. ಆದರೆ ಅದು ಶುರುವಾಗಿದ್ದು ಪೀಣ್ಯ ಎರಡನೇ ಹಂತದ ಒಂದು ಲೇತ್ ಶೆಡ್ಡಿನಲ್ಲಿ. ಭಾನುವಾರ ಮಿಷಿನ್ನುಗಳಿಗೆ ರಜೆ ಇದ್ದಾಗ ನಾಲ್ಕು ಜನ ಕೆಲಸಗಾರರು ಅಲ್ಲಿ ಸೇರಿ ಗದ್ದಲ ಎಬ್ಬಿಸುತ್ತಿದ್ದರು. ಅಕ್ಕಪಕ್ಕದವರು ‘ಏನ್ ಗುರು, ಗೇರ್‌ಬಾಕ್ಸ್ ಹೋಯ್ತಾ?’ ಎಂದು ಕಾಲೆಳೆಯುತ್ತಿದ್ದರು. ಆ ನಾಲ್ವರಲ್ಲಿ ಹಾಡುತ್ತಿದ್ದವನು ಅಂಜನ್. ಚೊಕ್ಕಸಂದ್ರದ ಹಳೇ ಮನೆತನದ ಬೈರಮ್ಮನ ಕಿರಿಮಗ, ಕೆಲಸದಲ್ಲಿ ಟರ್ನರ್, ಭಾನುಪ್ರಕಾಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು.

ಅಂಜನ್ ನಾಲ್ಕು ವರ್ಷ ಹಾಡಿದ. ಸ್ಟುಡಿಯೋಗೆ ಹೋಗಿ ರೆಕಾರ್ಡ್ ಮಾಡಿಸುವ ತಾಕತ್ತು ಆ ನಾಲ್ವರಲ್ಲಿ ಯಾರಿಗೂ ಇರಲಿಲ್ಲ. ತೊಂಬತ್ತೆಂಟರಲ್ಲಿ ತುಮಕೂರು ರಸ್ತೆಯಲ್ಲಿ ಲಾರಿಯೊಂದು ಅವನ ಮೊಪೆಡ್ಡಿಗೆ ಗುದ್ದಿ ಅವನು ಸತ್ತ. ಬ್ಯಾಂಡಿನ ಮೊದಲ ಕ್ಯಾಸೆಟ್ ಬಂದದ್ದು ಮರುವರ್ಷ, ಬೇರೆಯವನ ದನಿಯಲ್ಲಿ. ಆಮೇಲೆ ಅವರು ಮುಂಬೈಗೆ ಹೋದರು, ಹೊರದೇಶಕ್ಕೂ ಹೋದರು, ದೊಡ್ಡವರಾದರು, ಕೊನೆಗೆ ಜಗಳವಾಡಿಕೊಂಡು ಬೇರೆಯಾದರು. ಇಷ್ಟೆಲ್ಲದರ ನಡುವೆ ಅಂಜನ್‌ನ ದನಿ ಉಳಿದಿದ್ದದ್ದು ಒಂದೇ ಕಡೆ. ಸಾಯುವುದಕ್ಕೆ ಹನ್ನೊಂದು ದಿನ ಮುಂಚೆ, ಫ್ಯಾಕ್ಟರಿಯೊಂದರ ಆಯುಧಪೂಜೆಯಲ್ಲಿ, ಬೂದುಗುಂಬಳಕಾಯಿ ಒಡೆದಾದ ಮೇಲೆ ಅವರು ಮುಕ್ಕಾಲು ಗಂಟೆ ಬಾರಿಸಿ ಹಾಡಿದ್ದರು. ಅದನ್ನು ಹೆಗಲ ಮೇಲೆ ಕ್ಯಾಮೆರಾ ಹೊತ್ತು ತೆಗೆದವನು ಭಾನುಪ್ರಕಾಶ.

ಕಾಪಿ ಯಾವಾಗ ಕೊಡ್ತೀಯ ಎಂದು ಅಂಜನ್ ಎರಡು ಸಲ ಅಂಗಡಿಗೆ ಬಂದು ಕೇಳಿದ್ದ. ಭಾನು ಕಸುಬಿನ ಮಾತನ್ನೇ ಹೇಳಿದ, ‘ಮುಂದಿನ ವಾರ ಗ್ಯಾರಂಟಿ ಮಗಾ.’

ಭಾನುವಿಗೆ ಕಸುಬು ಕಲಿಸಿದವರು ಯಶವಂತಪುರದ ನರಸಿಂಹಯ್ಯನವರು. ಅವರು ಹೇಳಿಕೊಟ್ಟ ಪಾಠಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು. ಒಂದು, ಕಾರ್ಯ ಮುಗಿದ ಮೇಲೆ ಸುಮ್ಮಸುಮ್ಮನೆ ಟೇಪು ಓಡಿಸಬಾರದು, ಅದು ಅನ್ನ ಚೆಲ್ಲಿದ ಹಾಗೆ. ಎರಡು, ಸಾವಿನ ಮನೆಗೆ ಹೊಸ ಕ್ಯಾಸೆಟ್ಟಿನ ಸೀಲು ಒಡೆಯಬಾರದು. ಒಡೆದರೆ ಆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂದು ಅವರ ನಂಬಿಕೆ. ಸಾವಿಗೆ ಯಾವಾಗಲೂ ಒಮ್ಮೆ ಬಳಸಿದ್ದನ್ನೇ ಹಾಕಬೇಕು. ಇದು ಯಾವ ಶಾಸ್ತ್ರದಲ್ಲಿದೆ ಎಂದು ಕೇಳಬೇಡಿ. ಮುಹೂರ್ತದ ಮನೆಗಳಲ್ಲೇ ಅನ್ನ ಹುಟ್ಟಿಸಿಕೊಳ್ಳುವವರು ಶಕುನಕ್ಕೆ ಹೆದರದೆ ಇನ್ನ್ಯಾರು ಹೆದರಬೇಕು?

ಅಂಜನ್ ಸತ್ತ ದಿನ ಅವನ ಅಣ್ಣ ಸೋಮಪ್ಪ ಮಿಲಿಟರಿಯಲ್ಲಿದ್ದ, ಅಸ್ಸಾಮಿನಲ್ಲಿ. ಮಣ್ಣಿಗೆ ಬಂದು ಮುಟ್ಟುವ ಹಾಗಿರಲಿಲ್ಲ. ‘ಒಡಹುಟ್ಟಿದೋನು ಮುಖನಾದ್ರೂ ನೋಡ್ಲಿ, ವಿಡಿಯೋ ತೆಗಿಯಪ್ಪ’ ಎಂದು ಊರ ಹಿರಿಯರು ಭಾನುವಿಗೆ ಹೇಳಿದರು. ಅವನು ಅಳುತ್ತಲೇ ಅಂಗಡಿಗೆ ಓಡಿ ಬ್ಯಾಗು ತಂದ. ಬ್ಯಾಗಿನಲ್ಲಿ ಸೀಲಿದ್ದ ಹೊಸ ಕ್ಯಾಸೆಟ್ಟುಗಳು ಮೂರಿದ್ದವು. ಚೀಟಿ ಅಂಟಿಸದ ಹಳೆಯದು ಒಂದಿತ್ತು. ಅವನ ಅಂಗಡಿಯಲ್ಲಿ ಕಾಪಿ ಮಾಡಿಕೊಟ್ಟ ಮೇಲೆ ಚೀಟಿ ಕಿತ್ತು ಕ್ಯಾಸೆಟ್ಟನ್ನು ಮತ್ತೆ ಬಳಸುವುದು ರೂಢಿ. ಚೀಟಿ ಇಲ್ಲದ್ದು ಎಂದರೆ ಅದರ ಕೆಲಸ ಮುಗಿದಿದೆ ಎಂದೇ ಅರ್ಥ. ಕೈ ತಾನಾಗಿ ಅದನ್ನೇ ಎತ್ತಿಕೊಂಡಿತು. ಸ್ನೇಹಿತನ ಮನೆಯಲ್ಲಿ ಇನ್ನೊಂದು ಹೆಣ ಬೀಳದಿರಲಿ ಎಂದು ಎತ್ತಿಕೊಂಡಿತು, ಅದನ್ನೂ ಹೇಳಬೇಕು.

ಮೂರು ದಿನ ಕಳೆದು ಸೋಮಪ್ಪನಿಗೆ ಕಳಿಸಲು ಕಾಪಿ ಮಾಡುತ್ತ ಕೂತಿದ್ದ. ಟೀವಿಯಲ್ಲಿ ಹೆಣ, ಹೂವು, ಬೈರಮ್ಮನ ಗೋಳು, ಗುಂಡಿಗೆ ಮಣ್ಣು. ಅದೆಲ್ಲ ಮುಗಿದು ಪರದೆ ಚಿರ್ರೆಂದಿತು. ಇದ್ದಕ್ಕಿದ್ದಂತೆ ಅಲ್ಲಿ ಅಂಜನ್ ನಿಂತಿದ್ದ. ಬೆವರು ಸುರಿಯುತ್ತಿತ್ತು, ಕೈಯಲ್ಲಿ ಟವೆಲ್ಲಿತ್ತು, ಹಿಂದೆ ಬಾಳೆಕಂಬ ಕಟ್ಟಿದ ಮಿಷಿನ್ನು. ಕ್ಯಾಮೆರಾ ಕಡೆ ನೋಡಿ ಒಂದು ಮಾತು ಹೇಳಿ ನಕ್ಕ. ಅಷ್ಟೇ, ಮತ್ತೆ ಬಿಳಿ ಚುಕ್ಕೆಗಳು. ಚೀಟಿ ಯಾಕಿರಲಿಲ್ಲ ಎಂದು ಭಾನುವಿಗೆ ಆಗ ಹೊಳೆಯಿತು. ಕಾಪಿ ಆಗಿ ಕಿತ್ತದ್ದಲ್ಲ ಅದು, ಇನ್ನೂ ಅಂಟಿಸದೇ ಇದ್ದದ್ದು. ಅಯ್ಯೋ ಶಿವನೇ! ಗೆಳೆಯನ ಹಾಡಿನ ಮೇಲೆ ಗೆಳೆಯನ ಹೆಣವನ್ನೇ ತೆಗೆದುಬಿಟ್ಟಿದ್ದ. ಮುಕ್ಕಾಲು ಗಂಟೆಯಲ್ಲಿ ಉಳಿದದ್ದು ಬಾಲದ ಹನ್ನೊಂದು ಸೆಕೆಂಡು. ಅವನು ಅಂಗಡಿಯ ಶಟರ್ ಎಳೆದುಕೊಂಡು ತಲೆ ಚಚ್ಚಿಕೊಂಡ. ಕೆಟ್ಟ ಮೇಲೆ ಬುದ್ಧಿ ಬಂದರೆ ಏನು ಮಾಡುವುದು, ಹೇಳಿ. ಕ್ಯಾಸೆಟ್ಟನ್ನು ಹಳೇ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟ. ಮಗನ ಹಾಡಿನ ಕ್ಯಾಸೆಟ್ ಎಲ್ಲಿ ಎಂದು ಬೈರಮ್ಮ ಕೇಳಿದಾಗ ಮೊದಲ ಸಲ ಬೂಷ್ಟಿನ ಮಾತು ಬಾಯಿಂದ ಬಂತು.

ಮೊದಲನೇ ಡಾಕ್ಯುಮೆಂಟರಿಯನ್ನು ಟೀವಿ ಚಾನೆಲ್ಲಿನವರು ಎರಡು ಸಾವಿರದ ಮೂರರಲ್ಲಿ ಮಾಡಿದರು. ಅದರಲ್ಲಿ ಅಂಜನ್ ಒಂದು ಫೋಟೋ ಆಗಿ ಬಂದ. ಅರ್ಧ ಮುಖವನ್ನು ಮೈಕು ಮುಚ್ಚಿಕೊಂಡಿತ್ತು. ಎರಡನೆಯದನ್ನು ಎರಡು ಸಾವಿರದ ಎಂಟರಲ್ಲಿ ಕಾಲೇಜು ಹುಡುಗರು ಮಾಡಿದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಬೈರಮ್ಮನ ಎರಡೂ ಕಣ್ಣನ್ನು ತಿಂದುಹಾಕಿತ್ತು. ಟೀವಿಗೆ ಕಿವಿ ಆನಿಸಿಕೊಂಡು ಕೂತಳು. ಭಾನು ಪಕ್ಕದಲ್ಲಿದ್ದ. ಅದರಲ್ಲಿ ಮಾತಾಡಲು ಬಂದವರೆಲ್ಲ ‘ಏನ್ ವಾಯ್ಸ್ ಅಂತೀರಿ!’ ಎಂದು ಹೊಗಳಿದ್ದೇ ಹೊಗಳಿದ್ದು. ಮುಗಿದ ಮೇಲೆ ಮುದುಕಿ ಅಂದಳು:

“ಎಲ್ರೂ ನನ್ ಮಗನ್ ದನಿ ಬಗ್ಗೆ ಮಾತಾಡ್ತಾರೆ ಕಣ್ಲಾ ಬಾನು. ದನಿ ಮಾತ್ರ ಯಾರೂ ಕೇಳ್ಸಾಕಿಲ್ಲ. ನಂಗೆ ಅದು ಮರ್ತೋಗ್ತಾ ಅದೆ. ಮುಖ ನೆಪ್ಪೈತೆ, ದನಿ ನೆಪ್ಪಾಗಾಕಿಲ್ಲ.”

ಭಾನುವಿಗೆ ಬಿಸಿತುಪ್ಪ ಗಂಟಲಲ್ಲಿ ಕೂತಂತಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಆ ಹನ್ನೊಂದು ಸೆಕೆಂಡನ್ನಾದರೂ ಕೇಳಿಸಬಹುದಿತ್ತಲ್ಲ ಎನ್ನುತ್ತೀರಿ. ಅವನೂ ದಿನಾ ಹಾಗೇ ಅಂದುಕೊಳ್ಳುತ್ತಿದ್ದ. ಆದರೆ ‘ಮಿಕ್ಕಿದ್ದೆಲ್ಲೋ?’ ಎಂದು ಅವಳು ಕೇಳಿದರೆ ಏನು ಹೇಳುವುದು? ಈ ನಡುವೆ ಮದುವೆ ಕೆಲಸಗಳೂ ಅವನ ಕೈ ತಪ್ಪಿದವು. ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್, ಲ್ಯಾಮಿನೇಷನ್ ಇಷ್ಟೇ ಉಳಿದಿತ್ತು. ಕ್ಯಾಸೆಟ್ ಓಡಿಸುವ ಯಂತ್ರ ಇಡೀ ಚೊಕ್ಕಸಂದ್ರದಲ್ಲಿ ಅವನೊಬ್ಬನ ಹತ್ತಿರವೇ ಇತ್ತು, ಅದನ್ನು ತಿಂಗಳಿಗೊಮ್ಮೆ ಒರೆಸಿ ಇಡುತ್ತಿದ್ದ.

ಎರಡು ಸಾವಿರದ ಹನ್ನೆರಡರಲ್ಲಿ ಮೂರನೆಯವರು ಬಂದರು. ಇದನ್ನು ಮಾಡುತ್ತಿದ್ದವಳು ಹುಬ್ಬಳ್ಳಿ ಕಡೆಯ ಭಾಗ್ಯಶ್ರೀ ಎಂಬ ಹುಡುಗಿ, ಬಲು ಚುರುಕು. ಬೂಷ್ಟಿನ ಮಾತು ಕೇಳಿ ಅವಳು ನಕ್ಕುಬಿಟ್ಟಳು.

“ಅದಕ್ಯಾಕ ಚಿಂತಿ ಮಾಡ್ತೀರಿ ಸರ? ಬೂಷ್ಟು ಹಿಡದ ಟೇಪು ಮುಂಬೈದಾಗ ತೊಳದು ಕೊಡ್ತಾರ. ನೀವು ಕೊಡ್ರಿ, ಉಳದದ್ದು ನನಗ ಬಿಡ್ರಿ.”

ಭಾನು ಹುಡುಕಬೇಕು, ನೋಡಬೇಕು ಎಂದು ತಡವರಿಸಿದ. ಹುಡುಗಿ ಅಷ್ಟಕ್ಕೇ ಬಿಡಲಿಲ್ಲ, ನೆಟ್ಟಗೆ ಬೈರಮ್ಮನ ಮನೆಗೆ ಹೋಗಿ ಸುದ್ದಿ ಹೇಳಿದಳು. ಸಂಜೆಗೆ ಬೈರಮ್ಮ ಗೋಡೆ ತಡವಿಕೊಂಡು ಅಂಗಡಿಗೇ ಬಂದಳು. ನಾಲ್ಕು ವರ್ಷದಿಂದ ಅವಳು ಹೊಸಿಲು ದಾಟಿರಲಿಲ್ಲ.

“ತೊಳೀತಾರಂತೆ ಕಣ್ಲಾ! ಇಷ್ಟು ವರ್ಸ ನಮಗೇ ಗೊತ್ತಾಗ್ಲಿಲ್ವಲ್ಲೋ! ನೀನೂ ಎಷ್ಟು ನೊಂದ್ಕಂಡಿದ್ದೆ ಪಾಪ.”

ಆ ‘ಪಾಪ’ ಎಂಬ ಮಾತಿಗೆ ಭಾನು ಕುಸಿದುಹೋದ. ನೆಲದ ಮೇಲೆ ಅವಳ ಕಾಲ ಹತ್ತಿರ ಕೂತ. “ಶುಕ್ರವಾರ ಮನೆಗೆ ತರ್ತೀನಿ ದೊಡ್ಡವ್ವ” ಎಂದಷ್ಟೇ ಅಂದ. ಕ್ಯಾಸೆಟ್ಟನ್ನು ಸುಟ್ಟುಬಿಡೋಣ ಎಂದು ಗುರುವಾರ ಒಲೆಯವರೆಗೂ ಹೋಗಿದ್ದ. ಒಳಗೆ ಅಂಜನ್ ಟವೆಲ್ ಹಿಡಿದು ನಗುತ್ತಿದ್ದಾನಲ್ಲ, ಹೇಗೆ ಸುಡುವುದು?

ಶುಕ್ರವಾರ ಬೆಳಿಗ್ಗೆ ಬೈರಮ್ಮ ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿಕೊಂಡು, ಮಡಿಸಿಟ್ಟ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ ಕೂತಿದ್ದಳು. ಭಾಗ್ಯಶ್ರೀ ಮೂಲೆಯಲ್ಲಿ ಕ್ಯಾಮೆರಾ ನಿಲ್ಲಿಸಿದ್ದಳು. ಭಾನು ತನ್ನ ಯಂತ್ರ ಹೊತ್ತು ತಂದು ಟೀವಿಗೆ ಜೋಡಿಸಿದ. ಆಮೇಲೆ ಕೈಮುಗಿದುಕೊಂಡು, ಕಣ್ಣಿಲ್ಲದ ಮುದುಕಿಗೆ ಕೈಮುಗಿದು ಏನು ಬಂತು ಪಾಪ, ಎಲ್ಲವನ್ನೂ ಹೇಳಿದ.

“ಬೂಷ್ಟು ಹಿಡಿದಿಲ್ಲ ದೊಡ್ಡವ್ವ. ಸುಳ್ಳು ಹೇಳ್ದೆ. ಹಾಡಿನ ಮೇಲೆ ಮಣ್ಣು ಮಾಡಿದ್ದನ್ನ ತೆಗೆದುಬಿಟ್ಟೆ. ಸಾವಿಗೆ ಸೀಲ್ ಒಡೀಬಾರ್ದು ಅಂತ... ಹಾಡಿಲ್ಲ. ಒಂದು ಮಾತಿದೆ ಅಷ್ಟೇ.”

ಬೈರಮ್ಮ ತುಂಬ ಹೊತ್ತು ಸೀರೆ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿದ್ದ.

“ಆಕು” ಅಂದಳು.

ಮಾತು ಇರುವ ಜಾಗಕ್ಕೆ ಟೇಪು ಓಡಿಸಿ ಇಟ್ಟಿದ್ದ. ಹಳೇ ಯಂತ್ರ, ಗುರಿ ಸ್ವಲ್ಪ ಹಿಂದೆ ಬಿತ್ತು. ಹೆಂಗಸೊಬ್ಬಳ ಗೋಳು ಮನೆ ತುಂಬಿತು. ‘ಬಿಟ್ಟೋದ್ಯಲ್ಲೋ ನನ್ನಪ್ಪಾ, ನನ್ನ ಬಿಟ್ಟೋದ್ಯಲ್ಲೋ...’

“ಇದ್ಯಾರು ಅಳ್ತಿರೋದು?” ಎಂದು ಬೈರಮ್ಮ ಗಾಬರಿಯಿಂದ ಕೇಳಿದಳು. ಅವಳೇ ಗುರುತು ಹಿಡಿದಳು. “ನಾನೇ ಅಲ್ವಾ?”

ಭಾಗ್ಯಶ್ರೀ ಎದ್ದು ತನ್ನ ಕ್ಯಾಮೆರಾ ಆರಿಸಿದಳು. ಟೇಪು ಚಿರ್ರೆಂದಿತು. ಏದುಸಿರು ಕೇಳಿಸಿತು, ಯಾವುದೋ ತಂತಿ ಇನ್ನೂ ಗುಂಯ್ಗುಡುತ್ತಿತ್ತು. ಆಮೇಲೆ ಇಪ್ಪತ್ತಾರು ವರ್ಷದ ಹುಡುಗನ ದನಿ ಬಂತು, ಹಾಡಿ ಹಾಡಿ ಒಡೆದಿದ್ದ ದನಿ:

“ಸಾಕು ನಿಲ್ಸೋ ಭಾನು, ಕ್ಯಾಸೆಟ್ ಸುಮ್ನೆ ದಂಡ ಆಗುತ್ತೆ.”

ಒಂದು ನಗು, ಆಮೇಲೆ ಬರೀ ಚಿರ್ರೆನ್ನುವ ಸದ್ದು.

ಬೈರಮ್ಮ ಇನ್ನೊಂದು ಸಲ ಹಾಕಿಸಿದಳು, ಮತ್ತೊಂದು ಸಲ ಹಾಕಿಸಿದಳು. ಪ್ರತಿ ಸಲವೂ ಮೊದಲು ಅವಳ ಗೋಳು, ಆಮೇಲೆ ಅವನ ಮಾತು. ಐದನೇ ಸಲಕ್ಕೆ ಟೇಪಿನ ದನಿ ಅಲುಗಾಡತೊಡಗಿತು. “ಇನ್ನು ಸಾಕು ದೊಡ್ಡವ್ವ, ಇದ್ದದ್ದೂ ಸವೆದುಹೋಗುತ್ತೆ” ಎಂದು ಭಾನು ಅಳುತ್ತ ಗುಂಡಿ ಒತ್ತಿದ. ಬೈರಮ್ಮ ಕೈ ಚಾಚಿ, ತಡವಿ, ಅವನ ತಲೆ ಹುಡುಕಿಕೊಂಡಳು. ನಲವತ್ತರ ಗಂಡಸಿನ ಬೋಳಾಗುತ್ತಿದ್ದ ತಲೆ ಅದು. ಹಾಡು ಅಳಿಸಿಹಾಕಿದ್ದಕ್ಕೆ ಅವಳು ಒಂದು ಮಾತೂ ಆಡಲಿಲ್ಲ.

“ಅಲ್ಲಾ ಕಣ್ಲಾ ಬಾನು,” ಅಂದಳು, “ಅವ್ನು ನಿಲ್ಸು ಅಂದಾಂತ ನಿಲ್ಸ್ಬುಡೋದೇನ್ಲಾ?”