ಉಜ್ಜಿ ಉಜ್ಜಿ ಮಂಕಾದ ಹೆಡ್‌ಲೈಟು

ಶಿರ್ವದ ಸುಭಾಷಿಣಿಯಮ್ಮ ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜುವ ಹೆಂಗಸು. ಉಜ್ಜುವುದೆಂದರೆ ನಾವು ನೀವು ಉಜ್ಜಿದ ಹಾಗಲ್ಲ. ಪ್ರತಿ ಶುಕ್ರವಾರ ಬೆಳಿಗ್ಗೆ ದೇವರ ದೀಪ, ಹರಿವಾಣ, ತಂಬಿಗೆಗಳನ್ನೆಲ್ಲ ಅಂಗಳದ ಕಲ್ಲಿನ ಮೇಲೆ ಹರವಿಕೊಂಡು, ಹುಣಸೆಹುಳಿ, ಬೂದಿ, ತೆಂಗಿನ ನಾರು ಹಿಡಿದು ಕುಳಿತರೆಂದರೆ ಫೋನ್ ಹೊಡೆದುಕೊಂಡರೂ ಏಳುವವರಲ್ಲ. ಅದು ಮುಗಿದ ಮೇಲೆ ಅದೇ ನಾರಿನಲ್ಲಿ ಕಾರಿನ ಸರದಿ. ದೇವರ ಮುಂದಿನ ದೀಪಕ್ಕೆ ಆಗುವ ಸೇವೆ ದಾರಿಯ ದೀಪಕ್ಕೂ ಆಗಲಿ ಎಂದು ಹೆಡ್‌ಲೈಟುಗಳಿಗೆ ವಿಶೇಷ ಉಪಚಾರ ನಡೆಯುತ್ತಿತ್ತು.

ಕಾರು ಹದಿನೈದು ವರ್ಷ ಹಳೆಯ ವ್ಯಾಗನ್ ಆರ್. ಕೊಂಡದ್ದು ಗಂಡ ದಾಮೋದರ ರಾಯರು, ಸೊಸೈಟಿ ಬ್ಯಾಂಕಿನಲ್ಲಿ ನೌಕರಿಯಲ್ಲಿದ್ದಾಗ. ಡ್ರೈವಿಂಗ್ ಕಲಿಯಲು ಹೋಗಿ ಮೂರನೆಯ ದಿನವೇ ಪಕ್ಕದ ಮನೆ ಕ್ಲಾರಾಬಾಯಿಯ ಕಂಪೌಂಡಿಗೆ ಗುದ್ದಿದವರು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಮನೆಯಲ್ಲಿ ನಿಂತ ಕಾರನ್ನು ನೋಡಿ ನೋಡಿ ಸುಭಾಷಿಣಿಯಮ್ಮನ ಹೊಟ್ಟೆ ಉರಿಯಿತು. ನಲವತ್ತಾರನೇ ವಯಸ್ಸಿನಲ್ಲಿ ತಾವೇ ಕಲಿತರು. ಅಂದಿನಿಂದ ರಾಯರ ಕೆಲಸ ಎಡಗಡೆ ಸೀಟಿನಲ್ಲಿ ಕುಳಿತು, ಮೇಲಿನ ಹಿಡಿಕೆ ಹಿಡಿದು, ಬ್ರೇಕ್ ಹಾಕು, ಹಾರ್ನ್ ಹಾಕು ಎಂದು ಅಪ್ಪಣೆ ಕೊಡುವುದು.

ಈಗ ಆ ಕಾರಿನ ಮೇಲೆ ಮಗಳ ನೌಕರಿ ನಿಂತಿತ್ತು. ಅನ್ವಿತಾ ಕಾರ್ಕಳದಲ್ಲಿ ಕಾಲೇಜು ಲೆಕ್ಚರರ್. ಅಳಿಯ ಇರುವುದು ಮಸ್ಕತ್ತಿನಲ್ಲಿ. ಮಗು ಮಾನ್ಯಾಗೆ ಒಂದು ವರ್ಷವಾದ ಮೇಲೆ ಅನ್ವಿತಾ ಮತ್ತೆ ಕೆಲಸಕ್ಕೆ ಸೇರಿದ್ದೇ ಅಮ್ಮನ ಧೈರ್ಯದಿಂದ. ಮಧ್ಯಾಹ್ನ ಸುಭಾಷಿಣಿಯಮ್ಮ ಶಿರ್ವದಿಂದ ಕಾರಿನಲ್ಲಿ ಹೋಗುವುದು, ಲ್ಯಾಬ್ ಮುಗಿಸಿ ಮಗಳು ಬರುವ ತನಕ ಮಗುವನ್ನು ನೋಡಿಕೊಳ್ಳುವುದು, ಕತ್ತಲಾಗುವಾಗ ಹಿಂದಿರುಗುವುದು. ಮಗಳ ಮನೆ ಒಳದಾರಿಯಲ್ಲಿ, ಸಂಜೆಯ ಮೇಲೆ ಆ ಕಡೆಗೆ ಬಸ್ಸೇ ಇಲ್ಲ.

ಒಂದು ಸಂಜೆ ರಾಯರೂ ಜೊತೆಗಿದ್ದರು. ಬೆಳ್ಮಣ್ಣು ದಾಟಿದ ಮೇಲಿನ ತಿರುವಿನಲ್ಲಿ ಕರುವೊಂದು ರಸ್ತೆಗೆ ಅಡ್ಡ ಬಂತು. ತೀರ ಹತ್ತಿರ ಬಂದ ಮೇಲಷ್ಟೇ ಅದು ಸುಭಾಷಿಣಿಯಮ್ಮನಿಗೆ ಕಂಡದ್ದು. ಬ್ರೇಕ್ ತುಳಿದರು, ಕರು ಉಳಿಯಿತು, ರಾಯರ ಹಣೆ ಡ್ಯಾಶ್‌ಬೋರ್ಡಿಗೆ ತಾಗಿತು.

"ನಿನಗೆ ಕಣ್ಣು ಕಾಣುವುದಿಲ್ಲ ಮಾರಾಯ್ತಿ. ಇನ್ನು ಕತ್ತಲೆಗೆ ಕಾರು ಬಿಡುವುದು ಬೇಡ" ಎಂದರು ರಾಯರು ಹಣೆ ತಿಕ್ಕುತ್ತ.

"ಕಣ್ಣಿನದ್ದಲ್ಲ, ಬಲ್ಬಿನದ್ದು" ಎಂದರು ಇವರು.

ಮರುದಿನವೇ ಗ್ಯಾರೇಜಿನ ಲಿಗೋರಿಯಲ್ಲಿಗೆ ಹೋಗಿ ಹೆಚ್ಚು ಬೆಳಕಿನ ಬಲ್ಬು ಹಾಕಿಸಿದರು. ಹಾಕುತ್ತ ಲಿಗೋರಿ, "ಗ್ಲಾಸೂ ಹಾಳಾಗಿದೆ ಅಮ್ಮ, ಅದನ್ನೂ ಬದಲಿಸುವ" ಎಂದ.

"ವಾರ ವಾರ ನಾನೇ ಉಜ್ಜುವ ಗ್ಲಾಸು ಅದು. ಅದಕ್ಕೆಂತ ಆಗಿದೆ?"

ಲಿಗೋರಿ ಬಲ್ಬನ್ನಷ್ಟೇ ತಿರುಗಿಸಿ ಹಾಕಿದ. ಆದರೆ ಬಲ್ಬು ಬದಲಿಸಿದರೂ ರಸ್ತೆ ಕಾಣಲಿಲ್ಲ. ಕಾರಿನ ಮುಂದೆ ಬೆಳಕೇನೋ ದಂಡಿಯಾಗಿ ಹರಡುತ್ತಿತ್ತು, ದೂರಕ್ಕೆ ಮಾತ್ರ ಹೋಗುತ್ತಿರಲಿಲ್ಲ. ರಾಯರಿಗೆ ಅಷ್ಟೇ ಸಾಕಾಯಿತು. ಬಲ್ಬು ಹೊಸತು, ಆದರೂ ಕಾಣುವುದಿಲ್ಲ ಎಂದಮೇಲೆ ಕಣ್ಣಿನ ದೋಷವಲ್ಲದೆ ಮತ್ತೇನು?

ಸುಭಾಷಿಣಿಯಮ್ಮ ಜಗ್ಗಲಿಲ್ಲ. ಮಣಿಪಾಲಕ್ಕೆ ಹೋಗಿ ಕಣ್ಣು ತೋರಿಸಿದರು. ಪೊರೆ ಇಲ್ಲ, ನಂಬರೂ ಹೆಚ್ಚಾಗಿಲ್ಲ ಎಂದರು ಡಾಕ್ಟರು. ಗೆದ್ದ ಖುಷಿಯಲ್ಲಿ ಮನೆಗೆ ಬಂದು ಹೇಳಿದರೆ ರಾಯರು ಪೇಪರ್ ಮಡಚುತ್ತ, "ಡಾಕ್ಟರು ನೋಡಿದ್ದು ಹಗಲು ಹೊತ್ತಿನಲ್ಲಿ ಅಲ್ವಾ" ಎಂದರು. ಇಂಥವರ ಹತ್ತಿರ ವಾದ ಮಾಡುವುದು ಹೇಗೆ ಹೇಳಿ!

ರಾಯರು ಅಷ್ಟಕ್ಕೇ ಬಿಡಲಿಲ್ಲ. ಈ ತಿಂಗಳು ಮುಗಿದ ಮೇಲೆ ಬೇರೆ ಏನಾದರೂ ವ್ಯವಸ್ಥೆ ಮಾಡಿಕೋ ಎಂದು ಅನ್ವಿತಾಗೆ ಫೋನಿನಲ್ಲಿ ಹೇಳಿಯೇಬಿಟ್ಟರು. ಆಮೇಲೆ ಅಮ್ಮನ ಜೊತೆ ಮಾತಾಡುವಾಗ ಅವಳ ಸ್ವರ ತಣ್ಣಗಿತ್ತು. "ಅಪ್ಪ ಹೆದರಿದ್ದಾರೆ ಅಮ್ಮ. ನಿನಗೇನಾದರೂ ಆದರೆ? ನಾನು ಕೆಲಸ ಬಿಡುತ್ತೇನೆ, ಪರವಾಗಿಲ್ಲ." ಪರವಾಗಿಲ್ಲ ಎಂಬ ಆ ಮಾತು ಸುಭಾಷಿಣಿಯಮ್ಮನ ಎದೆಗೆ ಚುಚ್ಚಿತು. ಮೂವತ್ತು ವರ್ಷದ ಕೆಳಗೆ ಮಗು ಹುಟ್ಟಿತೆಂದು ಶಾಲೆಯ ಟೀಚರ್ ಕೆಲಸ ಬಿಡುವಾಗ ಅವರೂ ಇದೇ ಪರವಾಗಿಲ್ಲವನ್ನು ಹೇಳಿದ್ದರು. ನಿಜಕ್ಕೂ ಅದು ಪರವಾಗಿಲ್ಲ ಎನ್ನುವಂಥದ್ದಾಗಿರಲಿಲ್ಲ. ಮಗಳಿಗೆ ಅದಾಗಲು ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದರು.

ಮರುದಿನ ಬೆಳಿಗ್ಗೆ ಮಾನ್ಯಾಳ ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿಯನ್ನು ಅದೇ ನಾರಿನಲ್ಲಿ ಉಜ್ಜಿ ತೊಳೆಯುತ್ತಿದ್ದಾಗ ಅದರ ಮುಚ್ಚಳಕ್ಕೆ ಬಿಸಿಲು ಬಿತ್ತು. ತರುವಾಗ ಕನ್ನಡಿಯ ಹಾಗಿದ್ದ ಮುಚ್ಚಳ ಈಗ ಮಜ್ಜಿಗೆನೀರಿನ ಬಣ್ಣಕ್ಕೆ ತಿರುಗಿತ್ತು. ಓರೆ ಮಾಡಿ ನೋಡಿದರೆ ಮೇಲೆಲ್ಲ ಕೂದಲಿನಷ್ಟು ತೆಳ್ಳಗಿನ ಗೀರುಗಳು, ಸುತ್ತು ಸುತ್ತಾಗಿ, ಒಂದರ ಮೇಲೊಂದು. ಸುಭಾಷಿಣಿಯಮ್ಮನ ಕೈ ಹಾಗೇ ನಿಂತಿತು. ಮುಚ್ಚಳ ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ಕಾರಿನ ಮುಂದೆ ಬಗ್ಗಿದರು. ಹೆಡ್‌ಲೈಟಿನ ಮೇಲೂ ಅವೇ ಗೀರುಗಳು, ಅವೇ ಸುತ್ತುಗಳು. ಎಷ್ಟೋ ವರ್ಷದಿಂದ ಪಾತ್ರೆಗಳ ಮೇಲೆ ತಿರುಗಿದ ಅವರದೇ ಕೈಯ ಸುತ್ತು. ಗ್ಲಾಸು ಗ್ಲಾಸು ಎಂದು ಹೇಳುತ್ತಿದ್ದದ್ದು ಗಾಜೇ ಅಲ್ಲ, ಪ್ಲಾಸ್ಟಿಕ್. ಹಿತ್ತಾಳೆ ತಡೆದುಕೊಂಡ ಬೂದಿ, ನಾರನ್ನು ಅದು ತಡೆದುಕೊಂಡಿರಲಿಲ್ಲ.

ನಾಚಿಕೆಯಾಯಿತು. ಲಿಗೋರಿಗೆ ಜೋರು ಮಾಡಿದ್ದು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಸದ್ದಿಲ್ಲದೆ ಹೊಸ ಹೆಡ್‌ಲೈಟು ಹಾಕಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು. ಆದರೆ ಹಾಗೆ ಮಾಡಿದರೆ ನಿನ್ನ ಕಣ್ಣೇ ಸರಿಯಿಲ್ಲ ಎಂಬ ರಾಯರ ಮಾತು ಹಾಗೆಯೇ ಉಳಿಯುತ್ತದೆ. ಮುಚ್ಚಳವನ್ನು ತಂದು ಗಂಡನ ಪೇಪರಿನ ಮೇಲಿಟ್ಟರು.

"ಕೇಳಿ ಇಲ್ಲಿ. ನನ್ನ ಕಣ್ಣಿಗೆ ಎಂತದೂ ಆಗಲಿಲ್ಲ. ಆದದ್ದು ದೀಪಕ್ಕೆ, ಮಾಡಿದ್ದು ನನ್ನ ಕೈ. ಉಜ್ಜಿ ಉಜ್ಜಿ ನಾನೇ ಹಾಳು ಮಾಡಿದೆ."

ರಾಯರು ಮುಚ್ಚಳ ನೋಡಿದರು, ಹೆಂಡತಿಯ ಮುಖ ನೋಡಿದರು. ಈಕೆ ತಪ್ಪು ಒಪ್ಪಿಕೊಂಡದ್ದು ಸಂಸಾರದಲ್ಲೇ ಮೊದಲು. ಆ ಸಂತೋಷಕ್ಕೆ ಕ್ಲಾರಾಬಾಯಿಗೂ ಸುದ್ದಿ ಮುಟ್ಟಿಸಿ ಬಂದರು. ಸುಭಾಷಿಣಿಯಮ್ಮ ಅವರಿಬ್ಬರನ್ನೂ ನಗಲು ಬಿಟ್ಟರು, ಆದರೆ ಪಟ್ಟು ಬಿಡಲಿಲ್ಲ.

"ಹೊಸ ದೀಪ ಹಾಕಿಸುತ್ತೇನೆ. ಒಂದು ಸಂಜೆ ನೀವು ಪಕ್ಕದಲ್ಲಿ ಕೂತುಕೊಳ್ಳಿ. ಅವತ್ತೂ ನನಗೆ ಕಾಣದಿದ್ದರೆ ಕೀ ನಿಮ್ಮ ಕೈಗೆ ಕೊಡುತ್ತೇನೆ."

ಲಿಗೋರಿ ಉಡುಪಿಯಿಂದ ಹೊಸ ಜೊತೆ ಹೆಡ್‌ಲೈಟು ತರಿಸಿ ಹಾಕಿದ. ಬೆಳಕು ಎದುರಿನವರ ಕಣ್ಣಿಗೆ ಹೊಡೆಯಬಾರದೆಂದು ಗೋಡೆಯ ಮೇಲೆ ಬಿಟ್ಟು ನೋಡಿ ತಗ್ಗಿಸಿದ. ಸುಭಾಷಿಣಿಯಮ್ಮ ಅವನ ಕ್ಷಮೆ ಕೇಳಿದರು. ಅವನು, "ಇನ್ನು ಬಟ್ಟೆ, ನೀರು ಮಾತ್ರ ಅಮ್ಮ" ಎಂದ.

ಅಂದು ರಾಯರೊಡನೆ ಕಾರ್ಕಳದಿಂದ ಹೊರಡುವಾಗ ಕತ್ತಲಿಳಿಯುತ್ತಿತ್ತು. ಅನ್ವಿತಾ ಮಗುವನ್ನೆತ್ತಿಕೊಂಡು ಗೇಟಿನ ತನಕ ಬಂದಳು. ನಿಟ್ಟೆ ದಾಟುವಾಗ ರಸ್ತೆಯ ಅಂಚು, ಮೈಲಿಗಲ್ಲು, ಮೋರಿಯ ಕಟ್ಟೆ ಎಲ್ಲ ಬಿಡಿಬಿಡಿಯಾಗಿ ಕಾಣುತ್ತಿತ್ತು. ಸುಭಾಷಿಣಿಯಮ್ಮನಿಗೆ ಎಷ್ಟೋ ಕಾಲದ ಮೇಲೆ ಮೈ ಹಗುರಾಯಿತು. ಬೆಳ್ಮಣ್ಣಿನ ಹತ್ತಿರದ ತಿರುವಿನಲ್ಲಿ ಕಪ್ಪು ಅಂಗಿಯ ಮನುಷ್ಯನೊಬ್ಬ ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ. ಸುಭಾಷಿಣಿಯಮ್ಮನಿಗೆ ದೂರದಿಂದಲೇ ಕಂಡ. ಆರಾಮದಲ್ಲಿ ನಿಧಾನಿಸಿ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ದು?" ಎಂದರು ರಾಯರು.

"ಅವನು ದಾಟಲಿ ಅಂತ."

"ಯಾರು?"

ಸುಭಾಷಿಣಿಯಮ್ಮ ತಿರುಗಿ ನೋಡಿದರು. ಹೊಸ ಬೆಳಕಿನ ನಟ್ಟನಡುವೆ ಸೈಕಲ್ಲಿನವನು ಇನ್ನೂ ದಾಟುತ್ತಲೇ ಇದ್ದ. ರಾಯರು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಗಾಜಿನಾಚೆ ಹುಡುಕುತ್ತಿದ್ದರು. ಗೆದ್ದ ಮೇಲೆ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ಸುಭಾಷಿಣಿಯಮ್ಮ ಬಿಟ್ಟುಬಿಟ್ಟರು. ಕಾರನ್ನು ಬದಿಗೆ ತಂದರು.

"ಎಷ್ಟು ದಿನದಿಂದ?"

ರಾಯರು ಸೀಟಿಗೆ ಒರಗಿದರು. "ಒಂದು ವರ್ಷ ಆಗಿರಬೇಕು. ಎದುರಿನಿಂದ ಗಾಡಿ ಬಂದರೆ ಪೂರಾ ಬೆಳ್ಳಗೆ ಆಗುತ್ತದೆ. ಆ ಕರು ನನಗೆ ಕಾಣಲೇ ಇಲ್ಲ. ನನಗೆ ಕಾಣದ್ದು ನಿನಗೂ ಕಾಣುವುದಿಲ್ಲ ಅಂತ ತಿಳಿದೆ. ಹೆದರಿಕೆ ಆಯಿತು ನನಗೆ."

"ನಾಳೆ ಮಣಿಪಾಲಕ್ಕೆ ಹೋಗುವ. ನಾನು ಕರೆದುಕೊಂಡು ಹೋಗುತ್ತೇನೆ."

"ಬರುವಾಗ ಕತ್ತಲಾದರೆ?"

"ಆಗಲಿ."

ರಾಯರು ಮೇಲಿನ ಹಿಡಿಕೆಯಿಂದ ಕೈ ತೆಗೆದು ಜೇಬಿನ ಫೋನ್ ಹೊರತೆಗೆದರು. ಅದನ್ನು ಹೆಂಡತಿಯ ಕಡೆಗೆ ಚಾಚಿ ಅನ್ವಿತಾಗೆ ಕರೆ ಮಾಡಿ ಕೊಡು ಎಂದರು. ಆ ಕಡೆಯಿಂದ ಮಗಳು ಅಪ್ಪ ಎಂದದ್ದು ಸುಭಾಷಿಣಿಯಮ್ಮನಿಗೂ ಕೇಳಿತು.

"ಕೆಲಸ ಬಿಡಬೇಡ ಮಗ" ಎಂದರು ರಾಯರು. "ನಿನ್ನ ಅಮ್ಮನಿಗೆ ಎಲ್ಲ ಕಾಣುತ್ತದೆ. ಕಾಣದ್ದು ನನಗೆ."