ದೊಡ್ಡಮ್ಮ ಒಪ್ಪದ ಹೋಟೆಲುಗಳು

ನನಗೆ ಅನುಮಾನ ಸ್ವಲ್ಪ ಜಾಸ್ತಿ. ಅಂಗಡಿಯವರು ನಗುತ್ತಾ ತೂಕ ಮಾಡಿದರೆ ತಕ್ಕಡಿಯನ್ನು ಎರಡು ಸಲ ನೋಡುವವಳು ನಾನು. ಹಾಗಿರುವಾಗ ಅಮ್ಮನ ಅಕ್ಕ, ಮಟ್ಟುವಿನ ದೊಡ್ಡಮ್ಮ, ನಾನು ಹೇಳಿದ ಒಂದೊಂದು ಹೋಟೆಲನ್ನೂ ಬೇಡ ಎಂದರೆ ಬಿಡುತ್ತೇನಾ? ಇದರಲ್ಲಿ ಎಂತದೋ ಉಂಟು ಅನಿಸಿತು.

ನಾನು ಕೇಳಿದ್ದು ಇಷ್ಟೇ. ಮಣಿಪಾಲದಲ್ಲಿ ಅವರ ಕಣ್ಣಿನ ತಪಾಸಣೆ ಮುಗಿದ ಮೇಲೆ ಹೊರಗೆ ಒಂದು ಊಟ. ಹೈಸ್ಕೂಲು ಮುಗಿಯುವ ತನಕ ನನಗೆ ಅನ್ನ ಹಾಕಿದವರು ಅವರು. ಒಂದು ಸಲವಾದರೂ ಕೂರಿಸಿ ನಾನು ಊಟ ಹಾಕಿಸಬಾರದಾ? ಅಲ್ಲೇ ಮಣಿಪಾಲದ ಎಸಿ ಹೋಟೆಲು ಎಂದೆ. "ಚಳಿ ಮಾರಾಯ್ತಿ." ಕಾಪುವಿನಲ್ಲಿ ಮೀನೂಟ ಎಂದೆ. "ಐಸಿನ ಮೀನು." ಕಾರ್ಕಳದ ದಾರಿಯಲ್ಲಿ, ಹಿರಿಯಡ್ಕ ದಾಟಿದರೆ ಒಂದು ಒಳ್ಳೆಯದು ಉಂಟಂತೆ ಎಂದೆ. "ಒಂದು ಊಟಕ್ಕೆ ಅಷ್ಟು ದೂರವಾ? ಮನೆಗೇ ಹೋಗುವ, ಗಂಜಿ ಉಂಟು."

ಗಂಜಿಯಂತೆ ಗಂಜಿ! ಮದುವೆಮನೆಯಲ್ಲಿ ಪಾಯಸಕ್ಕೆ ಏಲಕ್ಕಿ ಕಡಿಮೆಯಾಯಿತೆಂದು ಅಡುಗೆಯವರನ್ನೇ ಕರೆಸಿ ಕೇಳಿದ ಹೆಂಗಸು ಇವರು. ಹಲ್ಲುನೋವಾ? ಸೊಸೆ ಏನಾದರೂ ಅಂದಳಾ? ಅಥವಾ ಊಟದ ನೆಪದಲ್ಲಿ ನಾನು ಏನೋ ಕೇಳಿಕೊಳ್ಳುತ್ತೇನೆ ಎಂದು ಹೆದರಿದರಾ? ಅದು ಹೊಳೆದದ್ದೇ ನನಗೆ ಸಿಟ್ಟು ನೆತ್ತಿಗೇರಿತು. ಮತ್ತೆ ಕೇಳಲೇ ಇಲ್ಲ. ಉಡುಪಿಗೆ ಇಳಿದು, ಕಡಿಯಾಳಿಯ ಹತ್ತಿರ ಒಂದು ಸಸ್ಯಾಹಾರಿ ಹೋಟೆಲಿನ ಮುಂದೆ ಕಾರು ನಿಲ್ಲಿಸಿಬಿಟ್ಟೆ.

ಒಳಗೆ ಕೂತದ್ದೇ ಬಡಿಸುವವರು ಹೇಳಿದರು, "ಇವತ್ತು ಮಟ್ಟುಗುಳ್ಳದ ಸಾಂಬಾರು ಉಂಟು." ಗುಳ್ಳ ಎಂದರೆ ದೊಡ್ಡಮ್ಮನ ಊರಿನದ್ದೇ ಬದನೆಕಾಯಿ.

"ಹಸಿ ಗುಳ್ಳ ಒಂದು ತಂದು ತೋರಿಸಿ," ಎಂದರು ದೊಡ್ಡಮ್ಮ.

ನನಗೆ ನಾಚಿಕೆಯಾಯಿತು. ಪಾಪ, ಅವರು ತಂದೇ ತಂದರು. ಮೇಲೆ ಬೆಳೆಗಾರರ ಚೀಟಿ ಬೇರೆ ಅಂಟಿಸಿತ್ತು. "ಚೀಟಿ ಯಾರು ಬೇಕಾದರೂ ಅಂಟಿಸಬಹುದು," ಎಂದು ದೊಡ್ಡಮ್ಮ ಅದನ್ನು ತಿರುಗಿಸಿ, ತೊಟ್ಟಿನ ಮುಳ್ಳನ್ನು ಬೆರಳಿನಿಂದ ಒತ್ತಿ ನೋಡಿದರು. "ನಮ್ಮ ಮಣ್ಣಿನದ್ದೇ."

ನನಗೆ ಮತ್ತೆ ಅನುಮಾನ. ಬೆಂದ ಹೋಳು ಒಂದು ಬಾಯಿಗೆ ಹಾಕಿದರೆ ಯಾರ ಗದ್ದೆಯದ್ದು ಎಂದು ಹೇಳುತ್ತಿದ್ದವರಿಗೆ ಈಗ ಮುಟ್ಟಿ ನೋಡುವ ಅಗತ್ಯ ಯಾಕೆ ಬಂತು? ಆಗ ಕಳೆದ ಆಟಿ ನೆನಪಾಯಿತು.

ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಬಾಳೆಲೆಯಲ್ಲಿ ಊಟ ಬಡಿಸುವುದುಂಟು. ಅವರಿಗೆ ಇಡುವ ಮೊದಲು ಆ ಅಡುಗೆಯ ರುಚಿಯನ್ನು ಯಾರೂ ನೋಡುವಂತಿಲ್ಲ. ದೊಡ್ಡಮ್ಮ ಕುದಿಯುವ ಪಾತ್ರೆಯ ಹಬೆ ಮೂಸಿಯೇ ಉಪ್ಪು ಸಾಕೋ ಸಾಲದೋ ಹೇಳುತ್ತಿದ್ದರು. ಅದಕ್ಕೇ ಅವರು ಮದುವೆಯಾಗಿ ಬಂದಂದಿನಿಂದ ಆ ಒಲೆ ಅವರದ್ದು. ಕಳೆದ ಆಟಿಯಲ್ಲಿ ಮಾತ್ರ ಕೋಳಿಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಎಲ್ಲರೂ ಸಾರನ್ನು ಎಲೆಯ ಬದಿಗೆ ಸರಿಸಿದರು. ಸೊಸೆ ಮಾತ್ರ, "ಮುಂದಿನ ವರ್ಷ ನಾನೇ ಮಾಡುತ್ತೇನೆ ಅತ್ತೆ," ಎಂದಿದ್ದಳು.

ಸಾಂಬಾರು ಬಂತು. ನಾನು ಬೇಕೆಂದೇ ಕೈ ಹಾಕದೆ ಕೂತೆ. ದೊಡ್ಡಮ್ಮ ಒಂದು ತುತ್ತು ಕಲಸಿ ತಿಂದರು.

"ಹೇಗುಂಟು?" ಎಂದೆ.

"ಒಳ್ಳೆಯದುಂಟು. ಉಪ್ಪು, ಹುಳಿ ಎಲ್ಲ ಹದವಾಗಿ ಉಂಟು."

ನಾನು ತುತ್ತು ಬಾಯಿಗಿಡುವುದಕ್ಕೂ ಬಡಿಸುವವರು ಓಡಿ ಬರುವುದಕ್ಕೂ ಸರಿಯಾಯಿತು. "ತಿನ್ನಬೇಡಿ ಅಮ್ಮ, ಅದಕ್ಕೆ ಉಪ್ಪೇ ಬಿದ್ದಿಲ್ಲ! ಬೇರೆ ತರುತ್ತೇನೆ," ಎಂದು ಬಟ್ಟಲು ಎತ್ತಿಕೊಂಡು ಹೋದರು.

ದೊಡ್ಡಮ್ಮನ ಕೈ ಎಲೆಯ ಮೇಲೆಯೇ ನಿಂತಿತು. ಛೇ, ನಾನು ಯಾಕಾದರೂ ಕೇಳಿದೆನೋ! ನನ್ನ ಅನುಮಾನ ನಿಜವಾಯಿತು. ಅದರಿಂದ ಖುಷಿಯೇನೂ ಆಗಲಿಲ್ಲ.

"ಕಳೆದ ಆಟಿಗೆ ಮೊದಲು ಜ್ವರ ಬಂದಿತ್ತಲ್ಲ, ಅದು ಹೋದ ಮೇಲೆ ಮೂಗಿಗೂ ಇಲ್ಲ, ನಾಲಗೆಗೂ ಇಲ್ಲ," ಎಂದರು ಮೆಲ್ಲಗೆ. "ಹೋಟೆಲಿಗೆ ಬಂದರೆ ನೀನು ಹೇಗುಂಟು ಹೇಗುಂಟು ಎಂದು ಕೇಳುತ್ತಿ ಅಂತ ಗೊತ್ತಿತ್ತು. ಮನೆಯಲ್ಲಿ ಹೇಳಬೇಡ ಮಗಾ. ನನ್ನನ್ನು ಒಲೆಯ ಹತ್ತಿರದಿಂದ ಎಬ್ಬಿಸುತ್ತಾರೆ."

"ಹೇಳುವುದಿಲ್ಲ ದೊಡ್ಡಮ್ಮ."

ಅವರು ನನ್ನನ್ನು ದಿಟ್ಟಿಸಿದರು. ನಂಬಿದ ಮುಖವಲ್ಲ ಅದು. ಅಷ್ಟರಲ್ಲಿ ಬೇರೆ ಸಾಂಬಾರು ಬಂತು, ಹಬೆಯಾಡುತ್ತಿತ್ತು. ಅವರು ತಮ್ಮ ಬಟ್ಟಲನ್ನು ನನ್ನ ಕಡೆಗೆ ದೂಡಿದರು.

"ಬಾಯಿಗಿಡಬೇಡ. ಮೂಸಿ ಹೇಳು, ಇದಕ್ಕೆ ಉಪ್ಪು ಸಾಕಾ?"

ಬಗ್ಗಿ ಮೂಸಿದೆ. ಇಂಗು ಬಂತು, ಕೊತ್ತಂಬರಿ ಬಂತು. ಉಪ್ಪು ಮಾತ್ರ ಗೊತ್ತಾಗಲಿಲ್ಲ.

"ಗೊತ್ತಾಗುವುದಿಲ್ಲ ದೊಡ್ಡಮ್ಮ."

"ಆಟಿಗೆ ನೀನು ನನ್ನ ಒಲೆಯ ಹತ್ತಿರ ಇರಬೇಕು, ಇನ್ನೂ ಸಮಯ ಉಂಟು," ಎಂದರು. "ಇನ್ನೊಮ್ಮೆ ಮೂಸು."