ಮುಗಿದ ಆಟಕ್ಕೆ ನಿಂತವರು

ಅಮೆರಿಕದವರ ಫುಟ್‌ಬಾಲನ್ನು ಮೊದಲ ಸಲ ಟಿವಿಯಲ್ಲಿ ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಹೆಸರಿಗೆ ಫುಟ್‌ಬಾಲ್, ಚೆಂಡಿಗೆ ಕಾಲು ತಾಗುವುದೇ ಅಪರೂಪ. ಚೆಂಡಾದರೂ ಉರುಟಾಗಿದೆಯೇ ಅಂದರೆ ಅದೂ ಇಲ್ಲ, ಸುಲಿಯದ ತೆಂಗಿನಕಾಯಿಯ ಆಕಾರ. ಅದನ್ನು ಎದೆಗವಚಿಕೊಂಡು ಒಬ್ಬ ಓಡುತ್ತಾನೆ, ಉಳಿದವರೆಲ್ಲ ಅವನ ಮೇಲೆ ಬೀಳುತ್ತಾರೆ, ಆಮೇಲೆ ಎದ್ದು ಸೊಂಟಕ್ಕೆ ಕೈಯಿಟ್ಟು ಸ್ವಲ್ಪ ಹೊತ್ತು ಯೋಚನೆ ಮಾಡುತ್ತಾರೆ, ಮತ್ತೆ ಬೀಳುತ್ತಾರೆ. ಇಷ್ಟಕ್ಕೆ ದೇಶಕ್ಕೆ ದೇಶವೇ ವರ್ಷವಿಡೀ ಕಾಯುತ್ತದಂತೆ. ನಮ್ಮೂರಿನ ಗದ್ದೆಯಲ್ಲಿ ಹುಡುಗರು ಹೀಗೆ ಆಡಿದ್ದರೆ ಯಾರಾದರೂ ಬೆತ್ತ ಹಿಡಿದು ಬರುತ್ತಿದ್ದರು.

ಎಂಬತ್ತರ ದಶಕದ ನಡುವಿನ ಮಾತು ಇದು. ಜುಫೈರ್‌ನ ಅಮೆರಿಕನ್ ನೌಕಾನೆಲೆಯ ಅಡುಗೆಮನೆಯಲ್ಲಿ ನಾನು ಸಹಾಯಕ, ಗುತ್ತಿಗೆ ಕಂಪೆನಿಯ ಆಳು. ಬಹರೈನಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮುಹರ್ರಕ್‌ನ ಹಳೆಯ ಮನೆಯೊಂದರ ಕೋಣೆಯಲ್ಲಿ ನಾನೂ ಮಾಮನೂ ಇದ್ದೆವು. ಮಾಮ ಅಂದರೆ ನನ್ನ ಉಮ್ಮನ ಒಬ್ಬನೇ ತಮ್ಮ. ಅಂಗಡಿಯೊಂದರ ಪಿಕಪ್ ಓಡಿಸುತ್ತಿದ್ದರು. ನನಗೆ ವೀಸಾ ಮಾಡಿಸಿದ್ದೂ ಅವರೇ, ಬೆಳಿಗ್ಗೆ ಎಬ್ಬಿಸಿ ಬಸ್ಸಿಗೆ ಅಟ್ಟುತ್ತಿದ್ದುದೂ ಅವರೇ. ಶುಕ್ರವಾರದ ಜುಮಾ ನಮಾಝ್ ತಪ್ಪಿಸಿದರೆ ಮಾತ್ರ ಮೂರು ದಿನ ಮಾತು ಬಿಡುತ್ತಿದ್ದರು.

ಅಡುಗೆಮನೆಯ ಯಜಮಾನರು ಕಾರ್ಕಳದ ಕಡೆಯ ಒಬ್ಬ ಕ್ರೈಸ್ತರು. ತುಳುವಿನ ರೂಢಿಯಂತೆ ನಾವೆಲ್ಲ ಅವರನ್ನು ಪೊರ್ಬುಗಳು ಅನ್ನುತ್ತಿದ್ದೆವು. ಹಂದಿಮಾಂಸದ ಕೆಲಸವನ್ನು ನನ್ನ ಕೈಗೆ ಕೊಡದೆ ತಾವೇ ಮಾಡಿಕೊಳ್ಳುವರು. ನನ್ನದು ಕೋಳಿ, ಬಟಾಟೆ, ಈರುಳ್ಳಿ. ಉಗ್ರಾಣದಲ್ಲಿ ಅಕ್ಕಿಚೀಲಗಳ ನಡುವೆ ನಾನು ರಟ್ಟು ಹಾಸಿ ನಮಾಝ್ ಮಾಡುವಾಗ ಬಾಗಿಲ ಹೊರಗೆ ಪಾತ್ರೆಯ ಸದ್ದು ಮಾಡದಂತೆ ಉಳಿದವರಿಗೆ ಸನ್ನೆ ಮಾಡುವರು. ಅವರ ಬೈಗುಳ ಕೇಳಿದವರಿಗೆ ಇದನ್ನು ನಂಬುವುದು ಕಷ್ಟ.

ವರ್ಷಕ್ಕೊಮ್ಮೆ ಜನವರಿಯ ಕೊನೆಗೆ ಅವರ ಆ ದೊಡ್ಡ ಫೈನಲ್ ಆಟ. ಅದು ನಮ್ಮಲ್ಲಿಗೆ ನೇರವಾಗಿ ಬರುತ್ತಿರಲಿಲ್ಲ. ಅಲ್ಲಿ ಆಡಿ ಮುಗಿಸಿ, ಗೆದ್ದವರು ಕುಣಿದು, ಸೋತವರು ಮನೆಗೆ ಹೋಗಿ ಮಲಗಿ ಎಷ್ಟೋ ದಿನಗಳಾದ ಮೇಲೆ ಮಿಲಿಟರಿ ವಿಮಾನದಲ್ಲಿ ವಿಡಿಯೋ ಟೇಪು ಬರುತ್ತಿತ್ತು. ಅಷ್ಟು ದಿನ ನೆಲೆಯಲ್ಲಿ ಒಂದೇ ಕಟ್ಟಳೆ: ಫಲಿತಾಂಶ ಗೊತ್ತಿದ್ದವನು ಬಾಯಿ ಬಿಡಬಾರದು. ಬಿಟ್ಟರೆ ಇಡೀ ತಿಂಗಳು ನಮ್ಮ ಜೊತೆ ಪಾತ್ರೆ ತೊಳೆಯಬೇಕು. ಇಂಗ್ಲಿಷ್ ಪತ್ರಿಕೆಯ ಆಟದ ಪುಟವನ್ನು ಕತ್ತರಿಸಿ ತೆಗೆದೇ ಓದುವ ಕೋಣೆಯಲ್ಲಿ ಇಡುತ್ತಿದ್ದರು. ನಮ್ಮ ಅಡುಗೆಮನೆಯ ರೇಡಿಯೋವನ್ನೂ ಹೊತ್ತುಕೊಂಡು ಹೋದರು. ಅದರಲ್ಲಿ ನಾವು ಕೇಳುತ್ತಿದ್ದುದು ಹಿಂದಿ ಹಾಡು ಮಾತ್ರ ಎಂದರೂ ಕೇಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇವನಿಗೆ ಗೊತ್ತಿರಬಹುದೇ, ಅವನಿಗೆ ಗೊತ್ತಿರಬಹುದೇ ಎಂದು ಗುಮಾನಿ ಪಡುತ್ತಾ ತಿರುಗುವ ಆ ದೊಡ್ಡ ದೊಡ್ಡ ಗಂಡಸರನ್ನು ಕಂಡು ನನಗೆ ಮೋಜೆನಿಸುತ್ತಿತ್ತು.

ಆ ಮೊದಲ ವರ್ಷ ನನ್ನ ತಲೆಯಲ್ಲಿ ಬೇರೆಯೇ ಚಿಂತೆ. ಊರಿಂದ ಬಂದವರ ಕೈಯಲ್ಲಿ ಉಮ್ಮ ಒಂದು ಕ್ಯಾಸೆಟ್ ಕಳಿಸಿದ್ದಳು. ಓದು ಬರೆಹ ಬಾರದ ಮನೆಗಳಲ್ಲಿ ಆಗ ಟೇಪ್‌ರೆಕಾರ್ಡರೇ ಕಾಗದ. ಅದರಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚಿತ್ತು. "ಸ್ವಲ್ಪ ಜ್ವರ, ಅಷ್ಟೇ. ನೀನು ಮಂಡೆಬಿಸಿ ಮಾಡ್ಬೇಡ. ಮುಂದಿನ ವರ್ಷ ಬರುವಾಗ ನನಗೆ ಎಂಥದೂ ಬೇಡ, ಮಡಚುವ ಕೊಡೆ ಒಂದು ತಾ, ಸಾಕು" ಎಂದಿದ್ದಳು ನಮ್ಮ ಬ್ಯಾರಿ ಭಾಷೆಯಲ್ಲಿ. ಮುಂದಿನ ವರ್ಷ ಬರುತ್ತೇನೆ ಎಂದು ಹೊರಡುವಾಗ ಮಾತು ಕೊಟ್ಟಿದ್ದವನು ನಾನೇ. ಅದಾಗಿ ಕೆಲವು ದಿನಗಳಿಗೆ ಮಾಮ ಅಂಗಡಿಯ ಫೋನಿಗೆ ಊರಿಂದ ಕರೆ ಬಂದಿತ್ತೆಂದು ಹೇಳಿದರು. "ಉಮ್ಮನನ್ನು ಮಂಗಳೂರಿಗೆ ಸೇರಿಸಿದ್ದಾರೆ. ಸ್ವಲ್ಪ ಸೀರಿಯಸ್ ಉಂಟು. ದುಆ ಮಾಡು" ಎಂದು ಹೇಳಿ ಮುಖ ತೊಳೆಯಲು ಎದ್ದುಹೋದರು.

ನಾನು ದುಆ ಮಾಡಿದೆ. ಬೇರೆ ಏನು ಮಾಡಲು ಬರುತ್ತಿತ್ತು? ಪಾಸ್‌ಪೋರ್ಟು ಕಂಪೆನಿಯ ಕಪಾಟಿನಲ್ಲಿ. ವರ್ಷ ತುಂಬುವ ಮೊದಲು ಹೊರಟರೆ ವೀಸಾ ರದ್ದು. ಉಗ್ರಾಣದ ರಟ್ಟಿನ ಮೇಲೆ ಹಣೆಯಿಟ್ಟು ಉಮ್ಮನಿಗೆ ಶಿಫಾ ಕೊಡು, ಗುಣಮಾಡು, ನಾನು ಹೋಗುವವರೆಗಾದರೂ ಇರಿಸು ಎಂದು ಬೇಡಿದೆ. ಅಳುತ್ತಾ ಬೇಡಿದೆ, ಜಗಳವಾಡುತ್ತಾ ಬೇಡಿದೆ. ಕೋಳಿ ಕತ್ತರಿಸುವಾಗಲೂ ಬಸ್ಸಿನಲ್ಲಿ ಸೇತುವೆ ದಾಟುವಾಗಲೂ ತುಟಿ ಆಡುತ್ತಲೇ ಇತ್ತು. ಕೋಣೆಯಲ್ಲಿ ಮಾಮ ಮಾತು ಕಡಿಮೆ ಮಾಡಿದ್ದರು. ಬಚ್ಚಲಿಗೆ ಹೋದರೆ ನಲ್ಲಿ ತೆರೆದಿಟ್ಟು ಎಷ್ಟೋ ಹೊತ್ತು ಹೊರಗೆ ಬರುತ್ತಿರಲಿಲ್ಲ. ಟ್ಯಾಂಕಿಯ ನೀರೆಲ್ಲ ಖಾಲಿಯಾಗುತ್ತದೆಂದು ನಾನು ಒಮ್ಮೆ ಗೊಣಗಿದೆ.

ಟೇಪು ಬಂತು. ಶುಕ್ರವಾರ ಮಧ್ಯಾಹ್ನ ಆಟ ಎಂದು ನಿಗದಿಯಾಯಿತು. ಆ ದಿನ ಬೆಳಿಗ್ಗೆ ನಾನು, ಕೆಲಸ ಜಾಸ್ತಿ ಇದೆ, ಆದರೂ ಜುಮಾಕ್ಕೆ ಒಂದು ಗಂಟೆ ಬಿಡಿಸಿಕೊಂಡು ಬರುತ್ತೇನೆ ಅಂದೆ.

"ಇವತ್ತು ಬೇಡ. ಡ್ಯೂಟಿ ಬಿಟ್ಟು ಬರುದು ಸರಿಯಲ್ಲ. ಅಲ್ಲೇ ಮಧ್ಯಾಹ್ನದ ಲುಹರ್ ನಮಾಝ್ ಮಾಡಿದ್ರೆ ಸಾಕು" ಎಂದರು ಮಾಮ.

ಜುಮಾ ತಪ್ಪಿಸಿದರೆ ಮಾತು ಬಿಡುವ ಮನುಷ್ಯ ಹೀಗೆ ಹೇಳಿದಾಗ ನನಗೆ ಸಂಶಯ ಬರಬೇಕಿತ್ತು. ವಯಸ್ಸಾಗುತ್ತಾ ಮಾಮ ಮೆತ್ತಗಾದರು ಎಂದುಕೊಂಡು ಬಸ್ಸು ಹತ್ತಿದೆ.

ನೆಲೆಯ ಊಟದ ಹಾಲ್ ಮದುವೆಮನೆಯ ಹಾಗೆ ಸಿಂಗಾರಗೊಂಡಿತ್ತು. ಕೆಂಪು, ಬಿಳಿ, ನೀಲಿ ಕಾಗದದ ಮಾಲೆ, ಪ್ರತಿ ಮೇಜಿಗೂ ಪುಟ್ಟ ಬಾವುಟ, ಬಾವುಟದ ಆಕಾರದ್ದೇ ದೊಡ್ಡ ಕೇಕು. ಅದರ ನಕ್ಷತ್ರಗಳನ್ನು ಪೊರ್ಬುಗಳು ತಾವೇ ಬಿಡಿಸಿದ್ದರು. ಆ ದಿನ ಅವರು ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ. ಬಿಸಿ ಎಣ್ಣೆಯ ಹತ್ತಿರ ನನ್ನನ್ನು ಬಿಡದೆ ತಾವೇ ನಿಂತರು. ಎರಡು ಸಲ ಚಹಾ ಮಾಡಿ ಕುಡಿಸಿದರು. ಯಜಮಾನರಿಗೆ ಏನೋ ಒಳ್ಳೆಯ ಸುದ್ದಿ ಬಂದಿರಬೇಕು ಎಂದುಕೊಂಡೆ.

ಆಟಕ್ಕೆ ಮೊದಲು ಟಿವಿಯಲ್ಲಿ ಅವರ ರಾಷ್ಟ್ರಗೀತೆ ಶುರುವಾಯಿತು. ಕುರ್ಚಿಗಳೆಲ್ಲ ಒಮ್ಮೆಗೇ ಹಿಂದೆ ಸರಿದವು. ಟೋಪಿ ತೆಗೆದು, ಬಲಗೈ ಎದೆಯ ಮೇಲಿಟ್ಟು ಎಲ್ಲರೂ ನಿಂತರು. ಕೆಲವರು ಹಾಡಿದರು, ಕೆಲವರ ತುಟಿ ಮಾತ್ರ ಆಡಿತು. ಮುಂದಿನ ಸಾಲಿನಲ್ಲಿದ್ದ ಆನೆಮರಿಯಂಥ ನಾವಿಕನೊಬ್ಬನ ಕಣ್ಣಿಂದ ಆಗಲೇ ನೀರು. ಅವನ ಊರಿನ ತಂಡ ಫೈನಲ್‌ಗೆ ಬಂದಿತ್ತು. ತಂಡ ಗೆಲ್ಲಲೆಂದು ವಾರಗಟ್ಟಲೆ ಒಗೆಯದ ಒಂದು ನೀಲಿ ಅಂಗಿ ತೊಟ್ಟುಕೊಂಡಿದ್ದ. ಅಡುಗೆಮನೆಯಲ್ಲಿ ಪೊರ್ಬುಗಳು ಸ್ಟವ್ ಸಣ್ಣದು ಮಾಡಿ, ಸೌಟು ಕೆಳಗಿಟ್ಟು, ಅವರೂ ನೆಟ್ಟಗೆ ನಿಂತರು.

"ಪೊರ್ಬುಗಳೇ, ಅದು ಟೇಪು. ಹಾಡಿದವರು ಆವಾಗ್ಲೇ ಹಾಡಿ ಮನೆಗೆ ಹೋಗಿದ್ದಾರೆ" ಎಂದೆ.

"ಟೇಪಾದ್ರೆ ಎಂಥ? ಅನ್ನ ಕೊಡುವವರ ಹಾಡು. ಬಾಯಿ ಮುಚ್ಚಿ ನಿಲ್ಲು."

ನಿಂತೆ. ನಮ್ಮದೇ ಹಾಡಿಗೆ ಮೊನ್ನೆ ಗಣರಾಜ್ಯೋತ್ಸವದ ದಿನ ಇಂಡಿಯನ್ ಸ್ಕೂಲಿನ ಅಂಗಳದಲ್ಲಿ ನಿಂತಿದ್ದೆ, ಅರ್ಧ ಮನಸ್ಸು ಲಾಡಿನ ಮೇಲಿತ್ತು. ಇವರಿಗೆ ಮನಸ್ಸು ಪೂರ್ತಿ ಅಲ್ಲೇ ಇದ್ದಂತೆ ಕಂಡಿತು.

ಆಟ ನಡೆಯಿತು. ಆನೆಮರಿ ಒಮ್ಮೆ ಮಂಡಿಯೂರಿದ, ಒಮ್ಮೆ ಶಿಲುಬೆಯ ಗುರುತು ಮಾಡಿಕೊಂಡ, ಒಮ್ಮೆ ಕಣ್ಣುಮುಚ್ಚಿ ದೇವರೇ, ಇದೊಂದು, ಇದೊಂದೇ ಎಂದು ಬೇಡಿದ. ನಾನು ತಟ್ಟೆ ತುಂಬಿಸಿಕೊಂಡು ಹೋಗಿ ಬಂದಾಗಲೆಲ್ಲ ಪೊರ್ಬುಗಳಿಗೆ ವರದಿ ಕೊಟ್ಟೆ.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುದು ಅಂದ್ರೆ ಇದೇ ಅಲ್ವಾ? ಆದದ್ದು ಆವತ್ತೇ ಆಗಿದೆ. ಈಗ ದೇವರು ಎಂಥ ಮಾಡುದು, ಟೇಪಿನ ಒಳಗೆ ಹೋಗಿ ಚೆಂಡು ಹಿಡಿಯುದಾ?"

ಅವರು ನಗಲಿಲ್ಲ. ನಗಿಸಲೇಬೇಕೆಂದು ನಾನು ಮತ್ತೆ ಮತ್ತೆ ಅದನ್ನೇ ಹೇಳಿದೆ. ಉಮ್ಮನ ಜ್ವರವನ್ನು ಸ್ವಲ್ಪ ಹೊತ್ತಾದರೂ ಮರೆಯಬೇಕಿತ್ತು.

ನೀಲಿ ಅಂಗಿಯವರು ಸೋತರು. ಹಾಲ್‌ನ ಅರ್ಧ ಭಾಗ ಮೇಜು ಗುದ್ದಿ ಕುಣಿಯಿತು, ಒಬ್ಬ ಕೇಕಿನ ಮೇಲಿದ್ದ ಬಾವುಟ ಕಿತ್ತು ಬೀಸಿದ. ಇನ್ನರ್ಧ ಕೂತಲ್ಲೇ ಕೂತಿತು. ಆನೆಮರಿ ಮುಖ ಮುಚ್ಚಿಕೊಂಡು ಭುಜ ಕುಲುಕಿಸಿ ಅಳತೊಡಗಿದ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಬಂದು ನಗುತ್ತಾ ಹೇಳಿದೆ: "ಬಂದು ನೋಡಿ ಮಾರಾಯ್ರೆ, ತಾಯಿ ಸತ್ತವನ ಹಾಗೆ ಅಳ್ತಾನೆ."

ಪೊರ್ಬುಗಳ ಕೈಯಿಂದ ಜಾಲರಿ ಸೌಟು ಎಣ್ಣೆಗೆ ಬಿತ್ತು. ಅದನ್ನು ತೆಗೆಯಲಿಲ್ಲ. ಸ್ಟವ್ ಆರಿಸಿದರು, ಎಪ್ರನ್‌ನಿಂದ ಬಾಯಿ ಒತ್ತಿಕೊಂಡರು, ಗೋಡೆಗೆ ತಿರುಗಿದರು. ಅವರ ಬೆನ್ನು ಅದುರುತ್ತಿತ್ತು. ತಟ್ಟೆ ಕೈಯಲ್ಲಿ ಹಿಡಿದೇ ನಾನು ನಿಂತೆ.

"ಎಂಥ ಆಯ್ತು?"

"ಹಾಗೆಲ್ಲ ಹೇಳ್ಬೇಡ ಮಗಾ" ಎಂದರು. "ನನ್ನಿಂದ ಇನ್ನು ಆಗುದಿಲ್ಲ. ನಿನ್ನ ಮಾಮ ಆಣೆ ಹಾಕಿಸಿದ್ದಾರೆ. ಆದ್ರೂ ಆಗುದಿಲ್ಲ."

ಆಮೇಲೆ ಅವರು ಹೇಳಿದ್ದನ್ನು ನಾನು ಕೇಳಿದೆನೋ, ಆ ಮೊದಲೇ ತಿಳಿದುಕೊಂಡೆನೋ ನೆನಪಿಲ್ಲ. ಫೋನ್ ಬಂದ ದಿನವೇ ಉಮ್ಮ ಇರಲಿಲ್ಲ. ನಮ್ಮಲ್ಲಿ ಶವವನ್ನು ಇಟ್ಟುಕೊಂಡು ಕಾಯುವುದಿಲ್ಲ, ಆವತ್ತೇ ದಫನವಾಗಿತ್ತು. ಸೀರಿಯಸ್ ಎಂದು ಹೇಳಿ ಮೆಲ್ಲ ಮೆಲ್ಲನೆ ಮನಸ್ಸನ್ನು ಹದಮಾಡುವುದು ಕೊಲ್ಲಿಯ ನಮ್ಮ ಜನರ ರೂಢಿ. ಬೇರೆಯವರ ವಿಷಯದಲ್ಲಿ ಆ ರೂಢಿಗೆ ನಾನೂ ತಲೆಯಾಡಿಸಿದವನೇ. ಆ ಶುಕ್ರವಾರ ಜುಮಾ ಆದ ಮೇಲೆ ಮುಹರ್ರಕ್‌ನ ಮಸೀದಿಯಲ್ಲಿ ಊರಿನವರೆಲ್ಲ ಸೇರಿ ಉಮ್ಮನ ಗಾಯಿಬ್ ನಮಾಝ್ ಮಾಡಿದ್ದರು. ದೂರದಲ್ಲಿ ತೀರಿಕೊಂಡವರಿಗಾಗಿ, ಎದುರಿಗೆ ಶವವಿಲ್ಲದೆ ಸಾಲುನಿಂತು ಮಾಡುವ ಮಯ್ಯತ್ ನಮಾಝ್ ಅದು. ನಾನು ಬರಬಾರದೆಂದೇ ಮಾಮ ನನ್ನನ್ನು ಡ್ಯೂಟಿಗೆ ಅಟ್ಟಿದ್ದರು. ಉಮ್ಮನಿಗಾಗಿ ಊರವರೆಲ್ಲ ನಿಂತ ದಿನ ಅವಳ ಮಗ ಇನ್ನೊಬ್ಬರ ಹಾಡಿಗೆ ನಿಂತಿದ್ದ.

ಅಡುಗೆಮನೆಯ ಹಿಂದಿನ ಅಂಗಳಕ್ಕೆ ಹೋಗಿ ಗ್ಯಾಸ್ ಸಿಲಿಂಡರುಗಳ ಪಕ್ಕ ಕುಳಿತೆ. ತಣ್ಣನೆ ಗಾಳಿ ಬೀಸುತ್ತಿತ್ತು. ಸಿಟ್ಟು ಬಂತು, ಬಹಳ ಸಿಟ್ಟು. ಬದುಕಿರುವವರಿಗಾಗಿ ಬೇಡುವುದೇ ಬೇರೆ, ತೀರಿಕೊಂಡವರಿಗಾಗಿ ಬೇಡುವುದೇ ಬೇರೆ. ಉಮ್ಮ ಕಬರ್‌ನಲ್ಲಿರುವಾಗ ನಾನು ಅವಳ ಜ್ವರ ಇಳಿಸು ಎಂದು ಬೇಡಿದ್ದೆ. ಅವಳಿಗೆ ಮಗನಿಂದ ಸಲ್ಲಬೇಕಾದ ದುಆ ಒಂದೂ ಸಂದಿರಲಿಲ್ಲ. ಮಧ್ಯಾಹ್ನದಿಂದ ನಾನು ಯಾರನ್ನು ನೋಡಿ ನಕ್ಕಿದ್ದೆನೋ ಅವನಿಗಾದರೂ ಟೇಪು ಹಳೆಯದೆಂದು ಗೊತ್ತಿತ್ತು. ನನಗೆ ಅಷ್ಟೂ ಗೊತ್ತಿರಲಿಲ್ಲ.

ಬಾಗಿಲು ತೆರೆದು ಆನೆಮರಿ ಹೊರಗೆ ಬಂದ. ಯಾರೂ ಇಲ್ಲದ ಜಾಗ ಹುಡುಕಿ ಬಂದಿರಬೇಕು. ಕಣ್ಣು ಕೆಂಪಗಿತ್ತು. ನನ್ನನ್ನು ನೋಡಿದ, ನನ್ನ ಮುಖ ನೋಡಿದ. ನಾನೂ ಅವನ ತಂಡದವನೇ ಎಂದು ತಿಳಿದ. ಬಂದು ಪಕ್ಕದಲ್ಲಿ ಕುಳಿತು ಆ ಒಗೆಯದ ಅಂಗಿಯ ತೋಳನ್ನು ನನ್ನ ಹೆಗಲ ಮೇಲೆ ಹಾಕಿದ.

"ನೆಕ್ಸ್ಟ್ ಇಯರ್, ಬ್ರದರ್" ಎಂದ. "ನೆಕ್ಸ್ಟ್ ಇಯರ್."

ನಾನು ಹೂಂ ಅಂದೆ. ಅವನ ಎದೆಗೆ ತಲೆಯಿಟ್ಟು ಅತ್ತೆ, ಅವನೂ ಅತ್ತ. ಆ ಪರದೇಶಿ ನನಗೆ ಮಾಡಿದ ಉಪಕಾರ ಅವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಅವನು ಒಳಗೆ ಹೋದ ಮೇಲೆ ಹೊರಗಿನ ನಲ್ಲಿಯಲ್ಲಿ ಮುಖ ಕೈಕಾಲು ತೊಳೆದು ವುಝೂ ಮಾಡಿ ಪಶ್ಚಿಮಕ್ಕೆ ತಿರುಗಿ ನಿಂತೆ. ಹಾಲ್‌ನಲ್ಲಿ ಪಾಳಿ ಮುಗಿಸಿ ಬಂದವರಿಗಾಗಿ ಟೇಪನ್ನು ಮೊದಲಿಂದ ಹಾಕಿದ್ದರು. ನೋಡಿದವರು ನೋಡದವರಿಗೆ ಒಂದಕ್ಷರ ಹೇಳಿರಲಿಲ್ಲ. ಮತ್ತೆ ಅದೇ ಹಾಡು ಶುರುವಾಯಿತು, ಕುರ್ಚಿಗಳು ಸರಿದ ಸದ್ದು ಕೇಳಿತು. ಮಯ್ಯತ್ ನಮಾಝಿನಲ್ಲಿ ಬಾಗುವುದಿಲ್ಲ, ಹಣೆ ಊರುವುದಿಲ್ಲ, ಮೊದಲಿಂದ ಕೊನೆಯವರೆಗೆ ನಿಂತೇ ಮುಗಿಸುವುದು. ಒಳಗೆ ಅವರು ನಿಂತಿದ್ದರು, ಹೊರಗೆ ನಾನು ನಿಂತೆ. ಸಾಲಿನಲ್ಲಿ ನಾನೊಬ್ಬನೇ ಇದ್ದೆ.

ಸಂಜೆ ಕೋಣೆಗೆ ಬಂದಾಗ ಮಾಮ ಚಾಪೆಯ ಮೇಲೆ ಕುಳಿತಿದ್ದರು. ಪೊರ್ಬುಗಳು ಅಂಗಡಿಗೆ ಫೋನ್ ಮಾಡಿ ತಿಳಿಸಿದ್ದರೆಂದು ಅವರ ಮುಖ ನೋಡಿದರೇ ತಿಳಿಯಿತು. ದಾರಿಯುದ್ದಕ್ಕೂ ಕೂಡಿಟ್ಟುಕೊಂಡು ಬಂದ ಬಿರುನುಡಿಗಳಿದ್ದವು ನನ್ನಲ್ಲಿ.

"ಮಸೀದಿಯಲ್ಲಿ ಜನ ಇದ್ರಾ?" ಎಂದು ಕೇಳಿದೆ.

"ತುಂಬಾ ಇದ್ರು. ಹೊರಗೆ ಚಪ್ಪಲಿ ಬಿಡುವಲ್ಲಿವರೆಗೆ ಇದ್ರು." ಆಮೇಲೆ, "ನೀನು ಓಡಿ ಹೋದ್ರೆ ಇದ್ದ ಕೆಲಸವೂ ಹೋಗ್ತಿತ್ತು. ಹೋಗಿ ಕಾಣ್ಲಿಕ್ಕೆ ಅವಳ ಮುಖವೂ ಇರ್ಲಿಲ್ಲ. ನಾನು ಎಂಥ ಮಾಡ್ಬೇಕಿತ್ತು, ನೀನೇ ಹೇಳು" ಎಂದರು.

ಅವರಿಗೆ ಹೋದದ್ದು ಒಬ್ಬಳೇ ಅಕ್ಕ. ಎತ್ತಿ ಆಡಿಸಿ, ತನ್ನ ಪಾಲಿನ ಗಂಜಿ ಬಡಿಸಿ ಬೆಳೆಸಿದವಳು. ಅಷ್ಟು ದಿನ ಪಕ್ಕದ ಚಾಪೆಯಲ್ಲಿ ಮಲಗಿದ್ದ ನನಗೆ ಕೇಳಿಸದಂತೆ ಅವರು ಆ ದುಃಖವನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗುತ್ತಿದ್ದರು. ನಾನು ನೀರಿನ ಲೆಕ್ಕ ಹೇಳಿದ್ದೆ.

ಅವರ ಪಕ್ಕ ಹೋಗಿ ಕುಳಿತೆ. ಆ ಸಂಜೆ ಮಾಮ ನಲ್ಲಿ ತೆರೆಯದೆ ಅತ್ತರು.